ಹುಣಸೆ ಪೊಟರೆಯ ಜೇಡವನ್ನು ಮನೆಯಲ್ಲಿ ಸಾಕಬಹುದಾ?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಹಳ್ಳಿ. ಹೋದ ವಾರ ಹುಣಸೆಹಣ್ಣು ಬಡಿಯುವಾಗ ಹಳೇ ಮರದ ಪೊಟರೆಯಿಂದ ಅಂಗೈಯಗಲದ ಜೇಡ ಹೊರಗೆ ಬಂತು. ಮೈತುಂಬಾ ರೋಮ. ಮುಂಗಾಲು ಎತ್ತಿದಾಗ ಅಡಿಯಲ್ಲಿ ಹಳದಿ, ಕಪ್ಪು ಪಟ್ಟೆ ಕಂಡವು. ಹಾರ್ಲಿಕ್ಸ್ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು ಇಟ್ಟಿದ್ದೇನೆ. ಐದು ದಿನವಾದರೂ ಏನೂ ತಿಂದಿಲ್ಲ. ಅಮ್ಮ ರೇಷ್ಮೆ ಹುಳು ಸಾಕುತ್ತಾರೆ. ಜೇಡ ಮೈಮೇಲೆ ಹರಿದರೆ ಬೊಬ್ಬೆ ಏಳುತ್ತೆ, ಮೊದಲು ಅದನ್ನು ಹೊರಗೆ ಹಾಕು ಅಂತ ದಿನಾ ಬೈಯುತ್ತಿದ್ದಾರೆ. ಇದು ಯಾವ ಜೇಡ? ವಿಷವಾ? ಸಾಕಬಹುದಾ? ಬೆಂಗಳೂರಿನ ಗೆಳೆಯನೊಬ್ಬ ನೀಲಿ ಬಣ್ಣದ ಜೇಡ ಕೊಡಿಸುತ್ತೇನೆ ಅನ್ನುತ್ತಿದ್ದಾನೆ, ತಗೊಳ್ಳಲಾ?

ಉತ್ತರ: ಮೊದಲು ಇವತ್ತು ಸಂಜೆಯ ಕೆಲಸ ಹೇಳುತ್ತೇನೆ. ಮಿಕ್ಕಿದ್ದು ಆಮೇಲೆ.

ಆ ಜೇಡವನ್ನು ಅದೇ ಹುಣಸೆ ಮರಕ್ಕೆ ವಾಪಸ್ ಬಿಡಿ. ಅದೇ ಪೊಟರೆಗೆ. ಹೊತ್ತು ಮುಳುಗಿದ ಮೇಲೆ, ಇನ್ನೂ ಸ್ವಲ್ಪ ಬೆಳಕಿರುವಾಗ ಹೋಗಿ. ಹಗಲಲ್ಲಿ ಬಿಟ್ಟರೆ ಕಾಗೆ, ಓತಿಕ್ಯಾತ ಬಿಡುವುದಿಲ್ಲ. ಡಬ್ಬಿಯ ಬಾಯನ್ನು ಪೊಟರೆಯ ಬಾಯಿಗೆ ಒತ್ತಿ ಹಿಡಿದು, ಮುಚ್ಚಳ ನಿಧಾನವಾಗಿ ಸರಿಸಿ. ಡಬ್ಬಿಯ ತಳಕ್ಕೆ ಬೆರಳಿಂದ ಮೆಲ್ಲಗೆ ತಟ್ಟಿದರೆ ಸಾಕು, ಕತ್ತಲು ಕಂಡ ಕಡೆ ಅದೇ ಹೋಗುತ್ತೆ. ಅಲುಗಾಡಿಸಿ ಸುರಿಯಬೇಡಿ. ಕೈಯಲ್ಲಂತೂ ಮುಟ್ಟಲೇಬೇಡಿ. ಮನೆ ಬಿಡುವ ಮುಂಚೆ ಡಬ್ಬಿಯೊಳಗೆ ಒಂದು ಬಾಟ್ಲಿ ಮುಚ್ಚಳದಲ್ಲಿ ನೀರು ಇಡಿ. ಐದು ದಿನದಲ್ಲಿ ಅದಕ್ಕೆ ಬೇಕಾಗಿದ್ದದ್ದು ಜಿರಳೆಗಿಂತ ನೀರು. ಹುಣಸೆ ಬಡಿಯುವ ಕಾಲ ಅಂದರೆ ನಿಮ್ಮ ಕಡೆ ಗಾಳಿಯೂ ಒಣ, ನೆಲವೂ ಒಣ. ಇಷ್ಟು ದೊಡ್ಡ ಜೇಡ ಊಟ ಇಲ್ಲದೆ ತಿಂಗಳುಗಟ್ಟಲೆ ತಡೆಯುತ್ತೆ. ನೀರಿಲ್ಲದೆ ತಡೆಯುವುದಿಲ್ಲ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಮುಚ್ಚಳಕ್ಕೆ ಮೊಳೆ ಹೊಡೆದಿದ್ದೀರಲ್ಲ, ಅದು ಹೊರಗಿಂದ ಒಳಕ್ಕೆ ಹೋಗಿದೆ ಅಲ್ವಾ? ತೂತಿನ ಸುತ್ತ ಒಳಗಡೆ ಚೂಪಾದ ಅಂಚು ಎದ್ದಿರುತ್ತೆ. ಜೇಡವನ್ನು ಬಿಟ್ಟು ಬಂದ ಮೇಲೆ ಬೆರಳಾಡಿಸಿ ನೋಡಿ, ಚುಚ್ಚುತ್ತೆ. ಈ ಜೇಡ ರಾತ್ರಿಯೆಲ್ಲ ಮುಚ್ಚಳದ ಅಡಿಯಲ್ಲೇ ತಲೆಕೆಳಗಾಗಿ ಓಡಾಡುತ್ತೆ. ಅದರ ಪಾದದ ತುದಿಯಲ್ಲಿ ಸಣ್ಣ ಉಗುರು, ಮೆತ್ತನೆ ರೋಮದ ಗುಚ್ಛ ಇವೆ. ಅವು ಆ ಅಂಚಿಗೆ ಸಿಕ್ಕಿದರೆ ಕಿತ್ತು ಬರುತ್ತವೆ. ಮುಂದೆ ಯಾವ ಹುಳುವಿನ ಡಬ್ಬಿಗೆ ತೂತು ಹಾಕಿದರೂ ಒಳಗಿಂದ ಹೊರಕ್ಕೆ ಹಾಕಿ. ನಾನಾದರೆ ಕಾಯಿಸಿದ ದಬ್ಬಣದಿಂದ ಹಾಕುತ್ತೇನೆ. ಪ್ಲಾಸ್ಟಿಕ್ ಕರಗಿ ಅಂಚು ನುಣ್ಣಗಾಗುತ್ತೆ.

ಇನ್ನು ಅದು ಯಾವುದು ಅನ್ನೋದು. ನೀವು ಬರೆದ ಮೂರು ಮಾತು ಸಾಕಾಯಿತು: ಮರದ ಪೊಟರೆ, ಅಂಗೈಯಗಲ, ಎತ್ತಿದ ಮುಂಗಾಲಿನಡಿ ಹಳದಿ. ಇದು ಪೀಸಿಲೋಥೀರಿಯಾ ಕುಲದ ಟರಾಂಟುಲಾ, ಅಂದರೆ ಮೈತುಂಬಾ ರೋಮವಿರುವ ದೊಡ್ಡ ಜೇಡಗಳ ಗುಂಪಿನದು. ನೆಲದಲ್ಲಿ ಬಿಲ ತೋಡುವ ಟರಾಂಟುಲಾಗಳೇ ನಮ್ಮಲ್ಲಿ ಜಾಸ್ತಿ. ಮರ ಹತ್ತಿ ಪೊಟರೆಯಲ್ಲಿ ಸಂಸಾರ ಮಾಡುವುದು ಈ ಕುಲ. ಇಡೀ ಪ್ರಪಂಚದಲ್ಲಿ ಇವು ಇರುವುದು ಭಾರತ ಮತ್ತು ಶ್ರೀಲಂಕಾದಲ್ಲಿ ಮಾತ್ರ. ಕುಲದೊಳಗೆ ಯಾವ ಜಾತಿ ಅಂತ ಹೇಳಬೇಕಾದರೆ ಕಾಲಿನ ಅಡಿಭಾಗದ ಪಟ್ಟೆಗಳ ಜೋಡಣೆ ನೋಡಬೇಕು. ಡಬ್ಬಿಯ ಗೋಡೆಗೆ ಅದು ಅಂಟಿಕೊಂಡಿರುವಾಗ ಹೊರಗಿಂದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಬಿಟ್ಟ ಮೇಲೆ ನಿಮ್ಮ ಹತ್ತಿರ ಉಳಿಯುವುದು ಅದೇ.

ನಿಮ್ಮ ಊರಿನ ಕಡೆ ಎಷ್ಟೋ ಮನೆಯಲ್ಲಿ ತೆಲುಗು ಮಾತಾಡುತ್ತಾರೆ. ಅಲ್ಲಿ ಜೇಡಕ್ಕೆ ಸಾಲೆಪುರುಗು ಅನ್ನುತ್ತಾರೆ, ಅಂದರೆ ನೇಕಾರ ಹುಳು. ಕನ್ನಡದ ಜೇಡ ಅನ್ನುವ ಮಾತಿಗೂ ನೇಯುವವನು ಅನ್ನುವ ಅರ್ಥ ಇದೆ. ವಚನಕಾರ ಜೇಡರ ದಾಸಿಮಯ್ಯ ನೇಕಾರನೇ ತಾನೆ. ಎರಡು ನುಡಿಯವರೂ ಈ ಹುಳುವನ್ನು ನೋಡಿ ಮಗ್ಗವನ್ನೇ ನೆನೆದಿದ್ದಾರೆ. ನನಗೆ ಇದು ತುಂಬಾ ಇಷ್ಟವಾದ ಸಂಗತಿ. ನಿಮ್ಮ ಪೊಟರೆಯನ್ನು ಟಾರ್ಚ್ ಹಾಕಿ ನೋಡಿದರೆ ಒಳಗೆ ಬಿಳೀ ರೇಷ್ಮೆಯ ಹಾಸು ಕಾಣುತ್ತೆ, ಬಾಯಿಂದ ಒಳಕ್ಕೆ ಕೊಳವೆಯ ಹಾಗೆ. ಅದು ಒಂದು ರಾತ್ರಿಯ ಕೆಲಸ ಅಲ್ಲ. ಈ ಕುಲದಲ್ಲಿ ತಾಯಿಯ ಜೊತೆ ಮರಿಗಳು ಒಂದೇ ಪೊಟರೆಯಲ್ಲಿ ಬಹಳ ಕಾಲ ಇರುತ್ತವೆ. ನೀವು ಹಿಡಿದದ್ದು ಹೆಣ್ಣಾಗಿದ್ದರೆ ಹಿಂದೆ ಮರಿಗಳಿರಬಹುದು. ವಾಪಸ್ ಬಿಡಿ ಅಂತ ನಾನು ಮೊದಲೇ ಹೇಳಿದ್ದು ಅದಕ್ಕೆ. ಬೇರೆ ಮರಕ್ಕೆ ಬಿಟ್ಟರೆ ಆಗುವುದಿಲ್ಲ. ಅಲ್ಲಿ ಪೊಟರೆ ಇರಬೇಕು, ಅದು ಖಾಲಿ ಇರಬೇಕು. ಹಳೇ ಹುಣಸೆ, ಹಳೇ ಮಾವು ಕಡಿದ ಕಡೆಯೆಲ್ಲ ಈ ಜೇಡಕ್ಕೆ ಮನೆ ಇಲ್ಲವಾಗುತ್ತಿದೆ.

ಅಮ್ಮನ ಮಾತಿಗೆ ಬರುತ್ತೇನೆ. ಅವರ ಹೆದರಿಕೆಯಲ್ಲಿ ಅರ್ಧ ಸರಿ ಇದೆ, ಅರ್ಧ ಬೇರೆಯವರ ತಪ್ಪು ಜೇಡದ ಮೇಲೆ ಬಿದ್ದಿದೆ.

ಬೊಬ್ಬೆ ಜೇಡದ್ದಲ್ಲ. ಮಳೆಗಾಲದಲ್ಲಿ ಟ್ಯೂಬ್‌ಲೈಟ್ ಕೆಳಗೆ ಇರುವೆಯ ಹಾಗೆ ಉದ್ದಕ್ಕೆ, ಕೆಂಪು ಕಪ್ಪು ಬಣ್ಣದ ಒಂದು ಸಣ್ಣ ಜೀರುಂಡೆ ಬರುತ್ತೆ. ಅದರ ಹೆಸರು ಪೀಡೆರಸ್. ಅದು ಕಚ್ಚುವುದಿಲ್ಲ. ಕತ್ತಿನ ಮೇಲೆ ಕೂತಾಗ ನಾವು ಉಜ್ಜಿಬಿಡುತ್ತೇವೆ. ಅದರ ಮೈಯೊಳಗಿನ ರಸ ಚರ್ಮಕ್ಕೆ ತಗಲಿ ಮಾರನೇ ದಿನ ಉದ್ದಕ್ಕೆ ಬರೆ ಎಳೆದಂತೆ ಉರಿ, ಬೊಬ್ಬೆ. ಬೆಳಗ್ಗೆ ಎದ್ದು ನೋಡಿದರೆ ಗೋಡೆ ಮೇಲೆ ಜೇಡ ಕಾಣುತ್ತೆ, ಅಪವಾದ ಅದಕ್ಕೆ. ಸೊಂಟದ ಒಂದೇ ಪಕ್ಕಕ್ಕೆ ಸಾಲಾಗಿ ಬೊಬ್ಬೆ ಬಂದು ವಿಪರೀತ ನೋವಿದ್ದರೆ ಅದು ಸರ್ಪಸುತ್ತು. ಸೀತಾಳೆ ಸಿಡುಬು ತರುವ ವೈರಸ್ಸೇ ನರದಲ್ಲಿ ಅಡಗಿದ್ದು ವರ್ಷಗಳ ಮೇಲೆ ಮತ್ತೆ ಏಳುವುದು. ಅದಕ್ಕೂ ಜೇಡ ಅಂತ ಹೇಳಿ ಸೊಪ್ಪು ಅರೆದು ಹಚ್ಚಿ ದಿನ ಕಳೆಯುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಸರ್ಪಸುತ್ತಿಗೆ ಔಷಧಿ ಇದೆ. ಬೊಬ್ಬೆ ಕಂಡ ಮೂರು ದಿನದೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತೆ.

ಸರಿಯಾಗಿರುವ ಅರ್ಧ ಇದು: ನಿಮ್ಮ ಡಬ್ಬಿಯಲ್ಲಿರುವ ಜೇಡ ಕಚ್ಚಿದರೆ ಚೆನ್ನಾಗಿಯೇ ನೋಯುತ್ತೆ. ಟರಾಂಟುಲಾಗಳಲ್ಲಿ ಈ ಕುಲದ ವಿಷ ಜೋರು. ಕಚ್ಚಿಸಿಕೊಂಡವರಿಗೆ ಕಚ್ಚಿದ ಜಾಗದ ನೋವಿನ ಜೊತೆ ಮಾಂಸಖಂಡಗಳು ಹಿಡಿದುಕೊಂಡಂತೆ ಸೆಳೆತ ಬರುತ್ತೆ, ಕೆಲವರಿಗೆ ದಿನಗಟ್ಟಲೆ ಹೋಗಿ ಬಂದು ಮಾಡುತ್ತೆ. ಜೀವಕ್ಕೆ ಅಪಾಯ ಅನ್ನುವಂಥದ್ದಲ್ಲ. ಆದರೆ ಇದಕ್ಕೆ ಅಂತ ಪ್ರತಿವಿಷ ಇಲ್ಲ. ಕಚ್ಚಿದರೆ ಸೋಪು ಹಾಕಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಕುಯ್ಯುವುದು, ಕಟ್ಟುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಮತ್ತೆ, ಇದರ ವೇಗ ನೋಡಿದ್ದೀರಲ್ಲ. ಮೊದಲ ಸಲ ಜೇಡ ಸಾಕುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ.

ಕಾನೂನಿನ ಮಾತೂ ಇದೆ. ಪೀಸಿಲೋಥೀರಿಯಾ ಕುಲವನ್ನು 2019ರಲ್ಲಿ ಸೈಟಿಸ್ ಅನ್ನುವ, ವನ್ಯಜೀವಿ ವ್ಯಾಪಾರದ ಮೇಲೆ ಹಿಡಿತ ಇಡುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಿದರು. ಕಳ್ಳತನದಲ್ಲಿ ಹೊರದೇಶಕ್ಕೆ ಹೋಗುತ್ತಿದ್ದದ್ದು ಅದಕ್ಕೊಂದು ಕಾರಣ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸೈಟಿಸ್ ಪಟ್ಟಿಯ ಪ್ರಾಣಿಗಳಿಗೆ ಅದರಲ್ಲಿ ನಾಲ್ಕನೇ ಅನುಸೂಚಿ ಅಂತ ಬೇರೆ ಜಾಗವೇ ಇದೆ. ಅಂಥ ಪ್ರಾಣಿಯನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು, ಅದು ಮರಿ ಹಾಕಿದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ತಿಳಿಸಬೇಕು ಅಂತ 2024ರ ಫೆಬ್ರವರಿಯಲ್ಲಿ ನಿಯಮ ಬಂದಿದೆ. ಮರದಿಂದ ಹಿಡಿದ ಜೇಡಕ್ಕೆ ನೀವು ಯಾವ ಕಾಗದ ತೋರಿಸುತ್ತೀರಿ? ಕಾನೂನು ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಕಾಡು, ತೋಪಿನಿಂದ ಹಿಡಿದು ತಂದ ಟರಾಂಟುಲಾ ಸಾಕುವುದು ಹವ್ಯಾಸ ಅಲ್ಲ.

ಗೆಳೆಯನ ನೀಲಿ ಜೇಡದ್ದು ದೊಡ್ಡ ಕತೆ. ಅದೂ ಇದೇ ಕುಲ, ಪೀಸಿಲೋಥೀರಿಯಾ ಮೆಟಾಲಿಕಾ. ನಿಮಗೆ ಅದು ದೂರದ್ದೇನೂ ಅಲ್ಲ, ಪಕ್ಕದ ಸೀಮೆಯದು. ಪೊಕಾಕ್ ಅನ್ನುವ ಬ್ರಿಟಿಷ್ ವಿಜ್ಞಾನಿ 1899ರಲ್ಲಿ ಅದನ್ನು ವಿವರಿಸಿದ. ಅವನ ಕೈಗೆ ಬಂದದ್ದು ಆಂಧ್ರದ ಅನಂತಪುರ ಕಡೆಯ ಗುತ್ತಿಯಲ್ಲಿ ಸಿಕ್ಕ ಒಂದೇ ಜೇಡ. ಆಮೇಲೆ ನೂರು ವರ್ಷ ಅದನ್ನು ಯಾರೂ ಕಾಣಲಿಲ್ಲ. 2001ರಲ್ಲಿ ಮತ್ತೆ ಸಿಕ್ಕಿತು, ಗುತ್ತಿಯಲ್ಲಲ್ಲ. ಅಲ್ಲಿಂದ ನೂರು ಕಿಲೋಮೀಟರ್ ಆಚೆ, ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಲ್ಲಿ. ಗುತ್ತಿ ರೈಲು ಜಂಕ್ಷನ್. ಸೌದೆ, ಮರದ ದಿಮ್ಮಿ ಹೊತ್ತ ರೈಲಿನಲ್ಲಿ ಜೇಡವೂ ಬಂದಿಳಿದಿರಬೇಕು ಅನ್ನುತ್ತಾರೆ. ಅದು ಬದುಕುವ ಜಾಗ ನೂರು ಚದರ ಕಿಲೋಮೀಟರಿಗಿಂತ ಕಡಿಮೆ, ಅದೂ ಸೌದೆ ಕಡಿದು ಹಾಳಾಗುತ್ತಿರುವ ಕಾಡು. 2008ರಲ್ಲಿ, ಅಳಿವಿನ ಅಂಚಿನ ಜೀವಿಗಳ ಪಟ್ಟಿ ಮಾಡುವ ಐಯುಸಿಎನ್ ಸಂಸ್ಥೆ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿ ಅಂತ ಗುರುತಿಸಿತು. ಯುರೋಪ್, ಅಮೆರಿಕದಲ್ಲಿ ಇವತ್ತು ಜೇಡ ಸಾಕುವವರ ಮನೆಗಳಲ್ಲಿ ಅದರ ಮರಿ ಮಾಡುತ್ತಾರೆ. ಇಲ್ಲಿ ನಿಮಗೆ ತಂದುಕೊಡುವವನು ಮೂಲದ ಕಾಗದ, ನೋಂದಣಿ ತೋರಿಸದಿದ್ದರೆ ಅದು ಆ ಕಾಡಿನಿಂದಲೇ ಬಂದಿದೆ ಅಂತ ತಿಳಿಯಿರಿ. ತಗೊಳ್ಳಬೇಡಿ. ಗೆಳೆಯನಿಗೂ ಹೇಳಿ.

ಇಷ್ಟೆಲ್ಲ ಬೇಡ ಬೇಡ ಅಂದ ಮೇಲೆ ನಿಮ್ಮ ಆಸೆಗೆ ನಾನು ಏನು ಕೊಡುತ್ತೇನೆ ಅಂತ ಕೇಳಬಹುದು. ನನ್ನ ಉತ್ತರ ನಿಮ್ಮ ಮನೆಯ ಗೋಡೆ ಮೇಲೇ ಇದೆ.

ಕಿಟಕಿಯ ಸರಳಿನ ಮೇಲೆ, ಬಿಸಿಲು ಬೀಳುವ ಗೋಡೆಯ ಮೇಲೆ ಬೆರಳ ಉಗುರಿನಷ್ಟಿರುವ ಒಂದು ಜೇಡ ನೆಗೆದು ನೆಗೆದು ನೊಣ ಹಿಡಿಯುವುದನ್ನು ನೋಡಿರುತ್ತೀರಿ. ಅದು ನೆಗೆಯುವ ಜೇಡ. ನಮ್ಮ ಮನೆಗಳಲ್ಲಿ ಜಾಸ್ತಿ ಕಾಣುವುದು ಪ್ಲೆಕ್ಸಿಪ್ಪಸ್ ಅನ್ನುವುದು. ಗಂಡಿಗೆ ಕಪ್ಪು ಬಿಳುಪು ಪಟ್ಟೆ, ಹೆಣ್ಣು ಕಂದು, ಸ್ವಲ್ಪ ದಪ್ಪ. ಜೇಡಗಳಲ್ಲೇ ಅತಿ ದೊಡ್ಡ ಕುಟುಂಬ ಇವುಗಳದು, 6,000ಕ್ಕೂ ಹೆಚ್ಚು ಜಾತಿ ಇವೆ. ನಮ್ಮಲ್ಲಿ ಇವನ್ನು ಸಾಕಿದವರೇ ಕಡಿಮೆ. ನಾನು ಹದಿನೈದು ವರ್ಷದಿಂದ ತುಮಕೂರಿನ ನಮ್ಮ ಮನೆಯಲ್ಲಿ ಸಾಕುತ್ತಿದ್ದೇನೆ, ಇವತ್ತಿಗೂ ಬೇಸರ ಬಂದಿಲ್ಲ.

ಬೇರೆ ಜೇಡಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕಣ್ಣು. ನಿಮ್ಮ ಪೊಟರೆಯ ಜೇಡಕ್ಕೂ ಎಂಟು ಕಣ್ಣಿವೆ, ಆದರೆ ಅದು ಬದುಕುವುದು ಕಾಲಿಗೆ ತಾಗುವ ಕಂಪನದ ಮೇಲೆ. ನೆಗೆಯುವ ಜೇಡ ನೋಡಿ ಬದುಕುತ್ತೆ. ಮುಂದಿನ ಎರಡು ದೊಡ್ಡ ಕಣ್ಣು ದೂರದರ್ಶಕದ ಹಾಗೆ ಉದ್ದ ಕೊಳವೆಗಳು. ಹೊರಗಿನ ಮಸೂರ ಅಲುಗುವುದಿಲ್ಲ, ಒಳಗಿನ ಪರದೆ ಅತ್ತಿತ್ತ ಸರಿಯುತ್ತೆ. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಕಣ್ಣಿನ ಬಣ್ಣ ಒಂದು ಗಳಿಗೆ ಕಪ್ಪು, ಇನ್ನೊಂದು ಗಳಿಗೆ ಕಂದು ಆಗುವುದು ಕಾಣುತ್ತೆ. ಅದು ನಿಮ್ಮನ್ನು ನೋಡುತ್ತಿದೆ ಅಂತ ಅರ್ಥ. ಪಕ್ಕದ ಕಣ್ಣುಗಳು ಹಿಂದೆ ಏನು ಅಲುಗಿದರೂ ಹಿಡಿಯುತ್ತವೆ. ನಾನು ಬರೆಯುವ ಮೇಜಿನ ಮೇಲೆ ಒಂದು ಹೆಣ್ಣಿನ ಡಬ್ಬಿ ಇತ್ತು. ಪೆನ್ನು ಎಡಕ್ಕೆ ಹೋದರೆ ಎಡಕ್ಕೆ ತಿರುಗುತ್ತಿತ್ತು, ಬಲಕ್ಕೆ ಹೋದರೆ ಬಲಕ್ಕೆ. ಸಾಲು ಮುಗಿದು ಪೆನ್ನು ಹಿಂದಕ್ಕೆ ಬರುವಾಗ ಅದೂ ಸರಕ್ಕನೆ ತಿರುಗುತ್ತಿತ್ತು. ಡಬ್ಬಿಯ ಗೋಡೆಗೆ ಒಂದು ಹನಿ ನೀರು ಚಿಮುಕಿಸಿದರೆ ಮೆಲ್ಲಗೆ ಬಂದು, ಹನಿಗೆ ಮುಖ ಇಟ್ಟು, ಹನಿ ಸಣ್ಣದಾಗುವವರೆಗೂ ಅಲುಗದೆ ಕುಡಿಯುತ್ತಿತ್ತು. ಆ ಹನಿಯಲ್ಲಿ ಅದರ ಕಣ್ಣು ದೊಡ್ಡದಾಗಿ ಕಾಣುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಡಬ್ಬಿ ಹೇಗಿರಬೇಕು ಅಂದರೆ, ಹತ್ತು ಸೆಂಟಿಮೀಟರ್ ಅಗಲ, ಹದಿನೈದು ಎತ್ತರ ಇದ್ದರೆ ಧಾರಾಳ. ಅಂಗಡಿಯಲ್ಲಿ ಸಿಗುವ ಪಾರದರ್ಶಕ ಡಬ್ಬಿಯನ್ನೇ ತಲೆಕೆಳಗು ಮಾಡಿ, ಮುಚ್ಚಳ ಕೆಳಗೆ ಬರುವಂತೆ ಇಡಿ. ಇದು ಮುಖ್ಯ. ಈ ಜೇಡ ಗೂಡು ಕಟ್ಟುವುದು ಮೇಲಿನ ಮೂಲೆಯಲ್ಲಿ. ಮುಚ್ಚಳ ಮೇಲಿದ್ದರೆ ನೀವು ತೆಗೆದಾಗಲೆಲ್ಲ ಗೂಡು ಹರಿಯುತ್ತೆ. ಎದುರುಬದುರು ಎರಡು ಕಡೆ ಸಣ್ಣ ತೂತು ಇರಲಿ, ಗಾಳಿ ಆಡಬೇಕು. ತಳಕ್ಕೆ ಒಂದು ಬೆರಳು ತೆಂಗಿನ ನಾರಿನ ಪುಡಿ. ನಿಮ್ಮ ಕಡೆ ಟೊಮ್ಯಾಟೊ ಸಸಿ ಮಾಡುವ ನರ್ಸರಿಗಳಲ್ಲಿ ಕೋಕೋಪೀಟ್ ಅಂತ ಕೇಳಿ, ಗೊಬ್ಬರ, ಔಷಧಿ ಬೆರೆಸದೇ ಇರುವುದನ್ನು ತನ್ನಿ. ಒಂದು ಒಣ ಕಡ್ಡಿ ಓರೆಯಾಗಿ ನಿಲ್ಲಿಸಿ. ಬೆಳಕು ಬೇಕು, ನೇರ ಬಿಸಿಲು ಬೇಡ. ಮುಚ್ಚಿದ ಡಬ್ಬಿ ಬಿಸಿಲಲ್ಲಿ ಹತ್ತೇ ನಿಮಿಷಕ್ಕೆ ಒಲೆಯಾಗುತ್ತೆ. ದಿನ ಬಿಟ್ಟು ದಿನ ಒಂದು ಗೋಡೆಗೆ ನಾಲ್ಕು ಹನಿ ನೀರು. ಒಳಗೆಲ್ಲ ತೇವ ಮಾಡಿದರೆ ಬೂಷ್ಟು ಬರುತ್ತೆ.

ಊಟಕ್ಕೆ ವಾರಕ್ಕೆ ಎರಡು ಮೂರು ನೊಣ ಸಾಕು. ಜೇಡದ ಮೈಗಿಂತ ದೊಡ್ಡ ಹುಳು ಹಾಕಬೇಡಿ. ಅದು ಓಡಾಡುವ ಹುಳುವನ್ನೇ ಹಿಡಿಯುವುದು. ಸತ್ತದ್ದು ಬಿದ್ದಿದ್ದರೆ ಕಣ್ಣಿಗೇ ಹಾಕಿಕೊಳ್ಳುವುದಿಲ್ಲ. ಮರಿ ಜೇಡಕ್ಕೆ ಹಣ್ಣು ನೊಣ ಬೇಕು. ಒಂದು ಬಾಟ್ಲಿಗೆ ಕಳಿತ ಬಾಳೆಹಣ್ಣು ಹಾಕಿ ಎರಡು ದಿನ ಅಡುಗೆಮನೆಯಲ್ಲಿ ಇಟ್ಟರೆ ತಾವೇ ಬಂದು ಸೇರುತ್ತವೆ. ನಿಮಗೆ ಇನ್ನೊಂದು ಅನುಕೂಲ ಇದೆ. ಚಾಕಿ ಹುಳು, ಅಂದರೆ ಎಳೆಯ ರೇಷ್ಮೆ ಹುಳು, ಒಂದೆರಡು ಅಮ್ಮನನ್ನು ಕೇಳಿ ತಗೊಳ್ಳಿ. ಅದು ತಲೆ ಎತ್ತಿ ಆಡಿಸಿದರೆ ಜೇಡ ಹಾರಿ ಬೀಳುತ್ತೆ. ಸುಣ್ಣಕಟ್ಟು, ಹಾಲುತೊಂಡೆ ರೋಗ ಬಂದ ಹುಳು ಬೇಡ.

ಇಲ್ಲಿಗೆ ಬಂದ ಮೇಲೆ ನಾನು ಹೇಳಬೇಕಾದ ದೊಡ್ಡ ಮಾತು ಹೇಳುತ್ತೇನೆ. ಜೇಡ ಸಾಕುವುದನ್ನು ಕಲಿಸಲು ನನಗಿಂತ ಒಳ್ಳೆಯ ಗುರು ನಿಮ್ಮ ಮನೆಯಲ್ಲೇ ಇದ್ದಾರೆ. ನಿಮ್ಮ ಅಮ್ಮ. ಪೇಟೆಯಿಂದ ಪತ್ರ ಬರೆಯುವವರಿಗೆ ನಾನು ಪುಟಗಟ್ಟಲೆ ವಿವರಿಸುವುದನ್ನು ರೇಷ್ಮೆ ಸಾಕಿದವರಿಗೆ ಎರಡು ಮಾತಲ್ಲಿ ಹೇಳಬಹುದು.

ಒಂದು ಜ್ವರ. ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಹೋಗುತ್ತೆ. ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿ ಕೂತುಬಿಡುತ್ತೆ, ಹಳೇ ಚರ್ಮ ಕಳಚಿ ಹೊಸ ಹುಳುವಾಗಿ ಏಳುತ್ತೆ. ಆ ಹೊತ್ತಲ್ಲಿ ಅಮ್ಮ ತಟ್ಟೆ ಅಲುಗಿಸುತ್ತಾರಾ? ಸೊಪ್ಪು ಹಾಕುತ್ತಾರಾ? ಜೇಡಕ್ಕೂ ಹಾಗೇ ಪೊರೆ ಬಿಡುವ ಕಾಲ ಬರುತ್ತೆ. ನೆಗೆಯುವ ಜೇಡ ರೇಷ್ಮೆಯ ಚೀಲ ಕಟ್ಟಿಕೊಂಡು ಒಳಗೆ ಸೇರಿಬಿಡುತ್ತೆ. ವಾರ, ಕೆಲವೊಮ್ಮೆ ಎರಡು ವಾರ ಹೊರಗೆ ಬರುವುದಿಲ್ಲ. ಹೊಸಬರು ಸತ್ತಿದೆ ಅಂದುಕೊಂಡು ಚೀಲ ಬಿಚ್ಚಿ ನೋಡುತ್ತಾರೆ, ಅಲ್ಲಿಗೆ ನಿಜಕ್ಕೂ ಸಾಯುತ್ತೆ. ನೀರಿನ ಹನಿ ಮಾತ್ರ ಹಾಕುತ್ತಿರಿ. ಒಳಗೆ ಬಿಟ್ಟ ನೊಣ ಉಳಿದಿದ್ದರೆ ತೆಗೆದುಬಿಡಿ. ಪೊರೆ ಬಿಟ್ಟ ಮೈ ಮೆತ್ತಗಿರುತ್ತೆ, ಹುಳುವೇ ಅದನ್ನು ಕಚ್ಚಬಹುದು.

ಟರಾಂಟುಲಾ ಪೊರೆ ಬಿಡುವುದನ್ನು ನಾನು ಒಂದು ರಾತ್ರಿ ಪೂರ್ತಿ ಕೂತು ನೋಡಿದ್ದೇನೆ. ಗೆಳೆಯರೊಬ್ಬರು ಊರು ಬಿಡುವಾಗ ನನಗೆ ಕೊಟ್ಟುಹೋದ ಚಿಲಿ ದೇಶದ ಹೆಣ್ಣು ಅದು. ರೇಷ್ಮೆ ಹಾಸಿಗೆ ನೇಯ್ದುಕೊಂಡು ಅಂಗಾತ ಮಲಗಿತು. ಮನೆಯವರು ನೋಡಿ ಹೋಯ್ತು ಅಂದರು. ಕಾಲು ಮುದುಡಿಲ್ಲ, ಚಾಚಿಕೊಂಡಿದೆ ಅಂತ ನಾನು ಧೈರ್ಯವಾಗಿದ್ದೆ. ಜೇಡದ ಕಾಲನ್ನು ಚಾಚಿಸುವುದು ಒಳಗಿನ ರಕ್ತದ ಒತ್ತಡ, ಅದು ನಿಂತಾಗ ಕಾಲು ಹೊಟ್ಟೆಯಡಿ ಮುಷ್ಟಿಯಂತೆ ಮುದುಡುತ್ತೆ. ಅಂಗಾತ ಮಲಗಿದ ಜೇಡ ಬದುಕಿದೆ, ನಿಂತಂತೆಯೇ ಮುದುಡಿದ ಜೇಡಕ್ಕೆ ಕಷ್ಟ ಬಂದಿದೆ. ರಾತ್ರಿ ಹನ್ನೊಂದರ ಮೇಲೆ ಬೆನ್ನ ಚಿಪ್ಪು ಡಬ್ಬಿ ಮುಚ್ಚಳದಂತೆ ಬಿಚ್ಚಿಕೊಂಡಿತು. ಆಮೇಲೆ ಒಂದೊಂದೇ ಕಾಲನ್ನು, ಬಿಗಿಯಾದ ಕೈಗವಸಿನಿಂದ ಬೆರಳು ಎಳೆದಂತೆ, ಎಳೆದುಕೊಂಡಿತು. ಎಂಟೂ ಕಾಲು ಬರುವ ಹೊತ್ತಿಗೆ ಬೆಳಗಿನ ಜಾವ. ಹೊಸ ಹಲ್ಲು ಹಾಲಿನಂತೆ ಬೆಳ್ಳಗಿತ್ತು. ಎರಡು ದಿನಕ್ಕೆ ಕೆಂಪಾಯಿತು, ವಾರ ಕಳೆದ ಮೇಲೆ ಕಪ್ಪಾಯಿತು. ಕಪ್ಪಾಗುವವರೆಗೆ ಊಟ ಹಾಕಲಿಲ್ಲ.

ಅಮ್ಮನಿಗೆ ಗೊತ್ತಿರುವ ಎರಡನೇ ವಿದ್ಯೆ ಔಷಧಿಯ ಭಯ. ಪಕ್ಕದ ಹೊಲಕ್ಕೆ ಹೊಡೆದ ಔಷಧಿ ಹಿಪ್ಪುನೇರಳೆ ಸೊಪ್ಪಿಗೆ ಬಿದ್ದರೆ ಬೆಳೆಯೇ ಹೋಗುತ್ತೆ, ಅದಕ್ಕೆ ರೇಷ್ಮೆ ಮನೆಯಲ್ಲಿ ಸೊಳ್ಳೆ ಬತ್ತಿಯನ್ನೂ ಹಚ್ಚುವುದಿಲ್ಲ. ಜೇಡಕ್ಕೂ ಅದೇ ನಿಯಮ. ಜಿರಳೆ ಚಾಕ್‌ಪೀಸ್ ಎಳೆದ ಮನೆಯ ಜಿರಳೆ, ನೊಣದ ಔಷಧಿ ಇಟ್ಟ ಕಡೆಯ ನೊಣ ಯಾವುದನ್ನೂ ಹಾಕಬೇಡಿ. ಇದನ್ನು ನಾನು ಕಳೆದುಕೊಂಡು ಕಲಿತೆ. ಒಂದು ಮಳೆಗಾಲದ ಸಂಜೆ ನಮ್ಮ ಬೀದಿಗೆ ಸೊಳ್ಳೆ ಹೊಗೆ ಹಾಕಲು ಬಂದರು. ನಾನು ಮನೆಯಲ್ಲಿರಲಿಲ್ಲ, ಕಿಟಕಿ ತೆರೆದೇ ಬಿಟ್ಟು ಹೋಗಿದ್ದೆ. ಬಂದು ನೋಡಿದರೆ ಆರು ಡಬ್ಬಿಯ ಜೇಡಗಳೂ ತಳಕ್ಕೆ ಬಿದ್ದಿದ್ದವು. ಕಾಲು ನಡುಗುತ್ತಿತ್ತು, ಎದ್ದು ನಿಲ್ಲಲು ಹೋಗಿ ಮಗುಚಿಕೊಳ್ಳುತ್ತಿದ್ದವು. ಬೆಳಗಾಗುವುದರೊಳಗೆ ಆರೂ ಹೋದವು. ಮೇಜಿನ ಮೇಲೆ ಪೆನ್ನು ನೋಡುತ್ತಿದ್ದ ಹೆಣ್ಣೂ ಅವುಗಳಲ್ಲಿ ಒಂದು. ಅವತ್ತಿಂದ ಊರಲ್ಲಿ ಎಲ್ಲಿ ಹೊಗೆ ಹಾಕುವ ಶಬ್ದ ಕೇಳಿದರೂ ನನ್ನ ಕೈ ಮೊದಲು ಕಿಟಕಿಗೆ ಹೋಗುತ್ತೆ.

ಸ್ವಲ್ಪ ದೊಡ್ಡ ಜೇಡವೇ ಬೇಕು ಅಂತ ಮನಸ್ಸಿದ್ದರೆ ಹಳೇ ಹೆಂಚಿನ ಮನೆ, ದನದ ಕೊಟ್ಟಿಗೆಯ ಗೋಡೆ ನೋಡಿ. ಚಪ್ಪಟೆ ಮೈಯ, ಉದ್ದ ಕಾಲಿನ, ಏಡಿಯಂತೆ ಪಕ್ಕಕ್ಕೆ ಓಡುವ ಕಂದು ಜೇಡ ರಾತ್ರಿ ಜಿರಳೆ ಹಿಡಿಯುತ್ತೆ. ಹೆಟೆರೊಪೋಡಾ ವೆನಟೋರಿಯಾ ಅಂತ ಅದರ ಹೆಸರು. ಹೆಣ್ಣು ನಾಣ್ಯದಂಥ ಚಪ್ಪಟೆ ಮೊಟ್ಟೆ ಚೀಲವನ್ನು ಎದೆಯಡಿ ಹಿಡಿದುಕೊಂಡು ಓಡಾಡುತ್ತೆ, ಮರಿ ಆಗುವವರೆಗೂ ಊಟ ಬಿಟ್ಟಿರುತ್ತೆ. ಅಂಥ ತಾಯಿಯನ್ನು ಹಿಡಿಯಬೇಡಿ. ಇದಕ್ಕೆ ಒಂದಡಿ ಎತ್ತರದ ಡಬ್ಬಿ, ನಿಲ್ಲಿಸಿದ ಮರದ ತೊಗಟೆ ಬೇಕು. ರೇಷ್ಮೆ ಹುಳುವನ್ನು ಕಾಡುವ, ಅಮ್ಮ ಹಿಡಿದು ಕೊಲ್ಲುವ ಊಜಿ ನೊಣ ಇದಕ್ಕೆ ಒಳ್ಳೆಯ ಊಟ. ಮುಚ್ಚಳ ಮಾತ್ರ ಭದ್ರ ಇರಲಿ. ಹುಳು ಮನೆಗೆ ನುಗ್ಗಿದರೆ ಅಮ್ಮ ನಿಮ್ಮನ್ನೂ ಕ್ಷಮಿಸುವುದಿಲ್ಲ, ನನ್ನನ್ನೂ ಕ್ಷಮಿಸುವುದಿಲ್ಲ.

ಟರಾಂಟುಲಾ ಬಗ್ಗೆ ಕೊನೆಯದಾಗಿ ಇಷ್ಟು. ಎರಡು ವರ್ಷ ಈ ಸಣ್ಣ ಜೇಡಗಳನ್ನು ಸಾಕಿ, ಆಮೇಲೂ ಆಸೆ ಉಳಿದಿದ್ದರೆ, ಸಾಕಿದ ಮನೆಯಲ್ಲೇ ಹುಟ್ಟಿದ, ನೆಲದ ಮೇಲೆ ಬದುಕುವ, ನಿಧಾನದ ಜಾತಿಯನ್ನು ಕಾಗದದ ಸಮೇತ ತಗೊಳ್ಳಿ. ಹೊಸಬರಿಗೆ ಎಲ್ಲರೂ ಹೇಳುವ ಮೆಕ್ಸಿಕೋದ ಕೆಂಪು ಮಂಡಿಯ ಜೇಡವೂ ಸೈಟಿಸ್ ಪಟ್ಟಿಯಲ್ಲೇ ಇದೆ, ಮರೆಯಬೇಡಿ. ಕೊಳ್ಳುವ ಮುಂಚೆ ಅರಣ್ಯ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಒಂದು ಮಾತು ಕೇಳಿ. ಹೆಣ್ಣು ಇಪ್ಪತ್ತು ವರ್ಷ ಬದುಕಬಹುದು, ಗಂಡು ಬಲಿತ ಮೇಲೆ ವರ್ಷದ ಆಸುಪಾಸಲ್ಲಿ ಹೋಗುತ್ತೆ. ನಿಮ್ಮ ಮದುವೆ, ಕೆಲಸ, ಊರು ಬದಲಾವಣೆ ಎಲ್ಲದರ ಜೊತೆ ಅದು ಬರುತ್ತೆ ಅನ್ನುವುದನ್ನು ಯೋಚಿಸಿ. ಡಬ್ಬಿಯಲ್ಲಿ ಕೋಕೋಪೀಟ್ ದಪ್ಪಗೆ ತುಂಬಿ, ಮೇಲೆ ಖಾಲಿ ಜಾಗ ಕಡಿಮೆ ಬಿಡಿ. ಒಂದು ಮೊಳ ಎತ್ತರದಿಂದ ಬಿದ್ದರೂ ಅದರ ಹೊಟ್ಟೆ ಒಡೆಯಬಹುದು. ಕೈಮೇಲೆ ಬಿಟ್ಟುಕೊಂಡು ಫೋಟೋ ತೆಗೆಸುವುದನ್ನು ನಾನು ಒಪ್ಪುವುದಿಲ್ಲ, ಅದಕ್ಕೆ ಇದೇ ಮೊದಲ ಕಾರಣ. ಅಮೆರಿಕ ಖಂಡದ ಬಹಳಷ್ಟು ಟರಾಂಟುಲಾಗಳು ಹೆದರಿದಾಗ ಹಿಂಗಾಲಿಂದ ಹೊಟ್ಟೆಯ ರೋಮ ಉದುರಿಸಿ ಎರಚುತ್ತವೆ. ಚರ್ಮಕ್ಕೆ ಬಿದ್ದರೆ ತುರಿಕೆ, ಕಣ್ಣಿಗೆ ಬಿದ್ದರೆ ವೈದ್ಯರ ಹತ್ತಿರ ಹೋಗಲೇಬೇಕು. ಡಬ್ಬಿ ತೊಳೆದ ಕೈಯಲ್ಲಿ ಕಣ್ಣುಜ್ಜಬೇಡಿ.

ನೆಗೆಯುವ ಜೇಡ ಹಿಡಿಯಲು ಒಂದು ಲೋಟ, ಒಂದು ಗಟ್ಟಿ ಕಾಗದ ಸಾಕು. ಗೋಡೆ ಮೇಲಿರುವಾಗ ಲೋಟ ಕವುಚಿ, ಕಾಗದವನ್ನು ಅಡಿಗೆ ತೂರಿಸಿ. ಒಂದು ಡಬ್ಬಿಗೆ ಒಂದೇ ಜೇಡ, ಎರಡಿಟ್ಟರೆ ಒಂದೇ ಉಳಿಯುವುದು. ಇದರ ಆಯಸ್ಸು ಸುಮಾರು ಒಂದು ವರ್ಷ. ಬಲಿತ ಹೆಣ್ಣು ಹಿಡಿದಿದ್ದರೆ ಅದು ಆಗಲೇ ಗಂಡನ್ನು ಕೂಡಿರುವುದೇ ಜಾಸ್ತಿ. ಸ್ವಲ್ಪ ದಿನದಲ್ಲಿ ಚೀಲದೊಳಗೆ ಮೊಟ್ಟೆ ಇಟ್ಟು ಕಾವಲು ಕೂರುತ್ತೆ. ಮರಿಗಳು ಹೊರಬಂದು ಡಬ್ಬಿ ತುಂಬಾ ನೆಗೆಯಲು ಶುರು ಮಾಡಿದ ದಿನವೇ ಒಂದೆರಡನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟುಬಿಡಿ. ತಡ ಮಾಡಿದರೆ ಒಂದನ್ನೊಂದು ತಿನ್ನುತ್ತವೆ. ನಿಮ್ಮ ಹಿಪ್ಪುನೇರಳೆ ತೋಟದ ಬೇಲಿ ಇದೆಯಲ್ಲ, ಔಷಧಿ ಹೊಡೆಯದ ಆ ಜಾಗವೇ ಸರಿ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಡಬ್ಬಿಯ ಬಾಯಿ ತೆರೆದು ಎಲೆಗಳ ನಡುವೆ ಓರೆಯಾಗಿ ಇಟ್ಟು ಬನ್ನಿ. ಮಧ್ಯಾಹ್ನ ಹೋಗಿ ನೋಡುವ ಹೊತ್ತಿಗೆ ಡಬ್ಬಿ ಖಾಲಿಯಾಗಿರುತ್ತೆ.